ಒಂಬತ್ತು ಪ್ರಶ್ನೆಗಳ ಹಾಳೆ

ಮೊಣಕಾಲು ನೋವಿಗೆ ತೋರಿಸಿಕೊಳ್ಳುವ ವೈದ್ಯರ ಬಳಿಯೇ, ಅದೇ ಸರದಿಯಲ್ಲಿ ಕುಳಿತು, ಮನಸ್ಸಿನ ನೋವನ್ನೂ ಹೇಳಿಕೊಳ್ಳಬಹುದೆಂದು ನನಗೆ ತಿಳಿದದ್ದು ಇಂಗ್ಲೆಂಡಿಗೆ ಬಂದು ನಾಲ್ಕು ವರ್ಷವಾದ ಮೇಲೆ. ತಿಂಗಳುಗಟ್ಟಲೆ ನಿದ್ದೆಗೆಟ್ಟು ಕೊನೆಗೊಮ್ಮೆ ಹೋದಾಗ ವೈದ್ಯೆ ನನ್ನ ಮುಂದೆ ಒಂದು ಹಾಳೆ ಇಟ್ಟರು. ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲವೆನಿಸಿದ್ದು, ಊಟ ಸೇರದಿದ್ದದ್ದು, ಬದುಕೇ ಬೇಡವೆನಿಸಿದ್ದು ಎಷ್ಟು ದಿನ ಎಂದು ಕೇಳುವ ಒಂಬತ್ತು ಪ್ರಶ್ನೆಗಳು. ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ. ರಕ್ತದೊತ್ತಡ ಬರೆದುಕೊಂಡಷ್ಟೇ ಸಹಜವಾಗಿ ಅವರು ಮೊತ್ತವನ್ನು ಬರೆದುಕೊಂಡರು. ಅವರ ಮುಖದಲ್ಲಿ ಗಾಬರಿಯಾಗಲಿ ಮರುಕವಾಗಲಿ ಕಾಣದಿದ್ದುದರಿಂದಲೇ ನಾನು ಮಾತನಾಡಿದೆ.

ಅಂದು ಸಂಜೆ ಫೋನಿನಲ್ಲಿ ವಿಷಯ ಕೇಳಿದ ಅಕ್ಕ, “ಯಾರ ಹತ್ತಿರವೂ ಬಾಯಿ ಬಿಡಬೇಡ ಕಣೋ, ತಲೆ ಕೆಟ್ಟಿದೆ ಅಂತಾರೆ” ಎಂದಳು. ಆಕೆಯದು ಪ್ರೀತಿಯ ಭಯ. ದೇಶಕ್ಕೇ ದಾರಿ ತೋರಿಸಿದ ನಿಮ್ಹಾನ್ಸ್‌ನ ಹೆಸರನ್ನೇ ಬೈಗುಳವಾಗಿ ಬಳಸುವ ಮಾತು ನಮ್ಮಲ್ಲಿ ಇರುವಾಗ, ಅದರ ಬಾಗಿಲು ತಟ್ಟುವುದು ಯಾರಿಗೆ ತಾನೆ ಸುಲಭ?

ಇಂಗ್ಲೆಂಡಿನಲ್ಲಿ ಈ ಅಂಜಿಕೆ ಇಲ್ಲವೆಂದಲ್ಲ. ಕಚೇರಿಯಲ್ಲಿ ಮುಚ್ಚಿಡುವವರು ಇಲ್ಲಿಯೂ ಇದ್ದಾರೆ, ಚಿಕಿತ್ಸೆಗಾಗಿ ತಿಂಗಳುಗಟ್ಟಲೆ ಕಾಯುವವರೂ ಇದ್ದಾರೆ. ಆದರೆ ವೈದ್ಯರ ಚೀಟಿಯಿಲ್ಲದೆ ನೇರವಾಗಿ ಸರ್ಕಾರಿ ಆಪ್ತಸಮಾಲೋಚನೆಗೆ ಹೆಸರು ಕೊಡುವ ವ್ಯವಸ್ಥೆಯಿದೆ. ನಮ್ಮಲ್ಲಿಯೂ ದಾರಿಗಳಿಲ್ಲದೆ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಮನಸ್ಸಿನ ಕಾಯಿಲೆಗೂ ಮದ್ದು ಕೊಡಬಲ್ಲರೆಂದು 1980ರ ದಶಕದಲ್ಲಿ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆ. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಚಿಕಿತ್ಸೆಯನ್ನೂ ಗೋಪ್ಯತೆಯನ್ನೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹಕ್ಕಾಗಿಸಿದೆ. 2022ರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮನಸ್‌ನ 14416 ಸಂಖ್ಯೆಗೆ ಹಗಲಿರುಳೆನ್ನದೆ ಕರೆ ಮಾಡಿ ಕನ್ನಡದಲ್ಲಿಯೇ, ಉಚಿತವಾಗಿ ಮಾತನಾಡಬಹುದು.

ಹಾಗಾಗಿ ಇಂಗ್ಲೆಂಡಿನಿಂದ ನಾವು ಕಲಿಯಬೇಕಾದದ್ದು, ಜ್ವರ ನೋಡುವ ವೈದ್ಯರೇ ನಿದ್ದೆಯನ್ನೂ ಮನಸ್ಸನ್ನೂ ಕುರಿತು ತಾವಾಗಿ ಕೇಳುವ ರೂಢಿಯೊಂದನ್ನು ಎಂಬುದು ನನ್ನ ಅನಿಸಿಕೆ. ಯಾರಾದರೂ ಕೇಳಿದರೆ ಹೇಳುವುದು ಹಗುರ, ತಾವೇ ಬಾಯಿ ತೆರೆಯಬೇಕಾದವರಿಗೆ ಅದು ಬೆಟ್ಟ. ನಮ್ಮದೊಂದನ್ನು ಮಾತ್ರ ಬಿಟ್ಟುಕೊಡಬಾರದು: ಇಲ್ಲಿ ನಾನು ಒಬ್ಬನೇ ಹೋಗಿ ಒಬ್ಬನೇ ಬಂದೆ, ಅಲ್ಲಿ ಆಸ್ಪತ್ರೆಗೆ ಹೊರಟವರ ಜೊತೆ ಮನೆಯವರೊಬ್ಬರು ಚಪ್ಪಲಿ ಮೆಟ್ಟುತ್ತಾರೆ.

ಕಳೆದ ತಿಂಗಳು ಅಕ್ಕ ತಾನಾಗಿಯೇ ಫೋನ್ ಮಾಡಿ, ಆ ಒಂಬತ್ತು ಪ್ರಶ್ನೆಗಳು ಕನ್ನಡದಲ್ಲಿ ಸಿಗುತ್ತವೆಯೇ ಎಂದು ಕೇಳಿದಳು. ಸಿಗುತ್ತವೆ. ಯಾರಿಗೆಂದು ನಾನು ಕೇಳಲಿಲ್ಲ. ಕಳುಹಿಸಿ, ತುಂಬಿದ ಮೇಲೆ ವೈದ್ಯರ ಬಳಿ ಹೋಗುವಾಗ ಜೊತೆಗೆ ಯಾರು ಬರುತ್ತಾರೆ ಎಂದಷ್ಟೇ ಕೇಳಿದೆ.