ಬೋರ್ಡೋ ದ್ರಾವಣದ ವರದಿ ಮತ್ತು ಎರಡು ನಿಮಿಷದ ವೈವಾ

ಕಳೆದ ಮಳೆಗಾಲದ ಆರಂಭದಲ್ಲಿ ಶಿರಸಿ ಸಮೀಪದ ನಮ್ಮ ಮನೆಗೆ ಹೋಗಿದ್ದಾಗ, ಪದವಿಯ ಕೊನೆಯ ವರ್ಷದಲ್ಲಿದ್ದ ಅಕ್ಕನ ಮಗಳು ತನ್ನ ಪ್ರಾಜೆಕ್ಟ್ ವರದಿಯನ್ನು ತಂದು ಜಗಲಿಯಲ್ಲಿ ನನ್ನ ಮುಂದಿಟ್ಟಳು. ಅಡಿಕೆ ತೋಟದಲ್ಲಿ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣವೆಂಬ ಔಷಧಿ ಸಿಂಪಡಿಸಲು ತಗಲುವ ಖರ್ಚು ಅದರ ವಿಷಯ. ಸ್ಪೈರಲ್ ಬೈಂಡಿಂಗ್ ಮಾಡಿಸಿದ 64 ಪುಟಗಳಲ್ಲಿ ಒಂದು ಸ್ಪೆಲ್ಲಿಂಗ್ ತಪ್ಪೂ ಇರಲಿಲ್ಲ. ಮೆಲ್ಬರ್ನ್‌ನಲ್ಲಿ ಹನ್ನೊಂದು ವರ್ಷದಿಂದ ಪಾಠ ಮಾಡುತ್ತಿರುವ ನಾನೂ ಅಷ್ಟು ನಯವಾದ ಇಂಗ್ಲಿಷ್ ಬರೆಯಲಾರೆ. ಮೂರನೆಯ ಪುಟಕ್ಕೇ ಸಂಗತಿ ತಿಳಿಯಿತು. ಚಾಟ್‌ಜಿಪಿಟಿಯಿಂದ ಬರೆಸಿದೆಯಾ ಎಂದು ಕೇಳಿದರೆ ಅವಳು ಮುಚ್ಚಿಡಲಿಲ್ಲ. "ಅದ್ನ ಯಾರೂ ಓದ್ತ್ವಿಲ್ಲೆ ಮಾವ, ದಪ್ಪ ನೋಡಿ ಮಾರ್ಕ್ಸ್ ಹಾಕ್ತ" ಎಂದಳು.

ಮೇಷ್ಟರಾದವನಿಗೆ ಈ ಮಾತಿನಿಂದ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಇದೇ ವಿಷಯದಲ್ಲಿ ನಾನಿರುವ ದೇಶ ಎಡವಿದ್ದನ್ನೂ, ಎದ್ದು ಮೈ ಒರೆಸಿಕೊಂಡದ್ದನ್ನೂ ಹತ್ತಿರದಿಂದ ಕಂಡವನು ನಾನು.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದಾಗ ಆಸ್ಟ್ರೇಲಿಯಾದ ವಿಶ್ವವಿದ್ಯಾಲಯಗಳಿಗೆ ಬಿದ್ದ ಪೆಟ್ಟು ನಮ್ಮೂರ ಕಾಲೇಜುಗಳಿಗೆ ಬಿದ್ದದ್ದಕ್ಕಿಂತ ದೊಡ್ಡದು. ಅಲ್ಲಿ ಮೂರು ಗಂಟೆಯ ಪರೀಕ್ಷೆಯ ತೂಕವನ್ನು ವರ್ಷಗಳಿಂದ ಇಳಿಸುತ್ತ ಬಂದು, ಮನೆಯಲ್ಲಿ ಕುಳಿತು ಬರೆಯುವ ಪ್ರಬಂಧ ಮತ್ತು ವರದಿಗಳ ಮೇಲೆಯೇ ಅಂಕಗಳ ಬಹುಭಾಗವನ್ನು ನಿಲ್ಲಿಸಿದ್ದರು. ಮೊದಲ ಗಾಬರಿಯಲ್ಲಿ ಎಲ್ಲರೂ ಓಡಿದ್ದು ಯಂತ್ರದ ಬರಹವನ್ನು ಪತ್ತೆಹಚ್ಚುವ ತಂತ್ರಾಂಶಗಳ ಕಡೆಗೆ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಅಂಥದ್ದೊಂದು ಸಾಧನವನ್ನು ಹೊರತಂದು, ನಿಖರತೆ ಸಾಲದೆಂದು ಅದೇ ಜುಲೈನಲ್ಲಿ ಹಿಂತೆಗೆದುಕೊಂಡಿತು. ಹುತ್ತ ಕಟ್ಟಿದವರಿಗೇ ಒಳಗಿನ ಹಾವು ಕಾಣಲಿಲ್ಲ ಎಂದ ಮೇಲೆ ಉಳಿದವರ ಪಾಡೇನು?

ಈ ಸಾಧನಗಳು ಸ್ಥೂಲವಾಗಿ ನೋಡುವುದು, ಒಂದು ಪದದ ನಂತರ ಬರುವ ಪದ ಎಷ್ಟು ಊಹಿಸಬಲ್ಲದ್ದಾಗಿದೆ ಎಂಬುದನ್ನು. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತವನು ಗೊತ್ತಿರುವ ಸರಳ ಪದಗಳನ್ನೇ, ತಪ್ಪಾಗದಿರಲೆಂದು ಕಲಿತ ಅಚ್ಚಿನಲ್ಲೇ ಬರೆಯುತ್ತಾನೆ. ಆದ್ದರಿಂದ ಅವನು ಯಂತ್ರದಂತೆ ಕಾಣುತ್ತಾನೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪ್ರಾವೀಣ್ಯ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಕೊಟ್ಟು ನೋಡಿದಾಗ, ಸರಾಸರಿ ಶೇ. 61ರಷ್ಟನ್ನು ಅವು ಯಂತ್ರದ ಬರಹವೆಂದವು. ಅದೇ ವರ್ಷ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಒಂದು ಸರಳ ಲೆಕ್ಕ ಹಾಕಿತು: ತಾನು ಬಳಸುತ್ತಿದ್ದ ಪತ್ತೆ ಸಾಧನದ ತಪ್ಪಿನ ಪ್ರಮಾಣ ಶೇ. 1 ಮಾತ್ರ ಎಂದು ಒಪ್ಪಿಕೊಂಡರೂ, ತಾನು 2022ರಲ್ಲಿ ಪರಿಶೀಲಿಸಿದ 75,000 ಬರಹಗಳಲ್ಲಿ ಸುಮಾರು 750ರ ಮೇಲೆ ಸುಳ್ಳು ಆರೋಪ ಬೀಳುತ್ತಿತ್ತು. ಅದು ಆ ಸಾಧನವನ್ನು ನಿಲ್ಲಿಸಿತು. ಆಸ್ಟ್ರೇಲಿಯಾದ ಕರ್ಟಿನ್ ವಿಶ್ವವಿದ್ಯಾಲಯವೂ 2026ರ ಜನವರಿಯಿಂದ ನಿಲ್ಲಿಸುವುದಾಗಿ ಪ್ರಕಟಿಸಿತು.

ನನ್ನ ತರಗತಿಯಲ್ಲೇ ವಿಯೆಟ್ನಾಮಿನ ಹುಡುಗಿಯೊಬ್ಬಳ ಪ್ರಬಂಧಕ್ಕೆ ತಂತ್ರಾಂಶ ಕೆಂಪು ಗುರುತು ಹಾಕಿತ್ತು. ಕರೆದಾಗ ಅವಳು ತಂದದ್ದು ಒಂದು ನೋಟ್‌ಬುಕ್. ಎಡಪುಟದಲ್ಲಿ ಅವಳ ಭಾಷೆ, ಬಲಪುಟದಲ್ಲಿ ಹೊಡೆದುಹಾಕಿ ತಿದ್ದಿದ ಇಂಗ್ಲಿಷ್; ಕೆಲವು ಕಡೆ ಕಾಗದ ಹರಿಯುವಷ್ಟು ರಬ್ಬರ್ ಉಜ್ಜಿದ್ದಳು. ಕನ್ನಡ ಮಾಧ್ಯಮದಿಂದ ಬಂದು, ಪಿಯುಸಿಯಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಹಾಗೆಯೇ ಕಟ್ಟಿ ಕೆಡವಿದ ನನಗೆ ಆ ಪುಟಗಳು ಚೆನ್ನಾಗಿ ಪರಿಚಯದವು. ಅಂದಿನಿಂದ ನಾನು ತಂತ್ರಾಂಶದ ಅಂಕಿಯನ್ನು ನೋಡುವುದನ್ನೇ ಬಿಟ್ಟಿದ್ದೇನೆ.

ಆಸ್ಟ್ರೇಲಿಯಾದಲ್ಲಿ ಉನ್ನತ ಶಿಕ್ಷಣದ ಗುಣಮಟ್ಟ ನೋಡುವ ಟೆಕ್ಸಾ ಸಂಸ್ಥೆ 2023ರಲ್ಲಿ ಮೌಲ್ಯಮಾಪನವನ್ನೇ ಬದಲಿಸುವ ಮಾರ್ಗದರ್ಶಿಯೊಂದನ್ನು ಹೊರಡಿಸಿತು. ಸಿಡ್ನಿ ವಿಶ್ವವಿದ್ಯಾಲಯ ಅದಕ್ಕೆ ಎರಡು ದಾರಿಗಳ ರೂಪ ಕೊಟ್ಟಿತು: ಒಂದರಲ್ಲಿ ವಿದ್ಯಾರ್ಥಿ ಎದುರಿಗೇ ಕುಳಿತು ತನ್ನ ತಿಳಿವಳಿಕೆಯನ್ನು ತೋರಿಸಬೇಕು, ಇನ್ನೊಂದರಲ್ಲಿ ಕೃತಕ ಬುದ್ಧಿಮತ್ತೆಯನ್ನು ಬಳಸಿಕೊಳ್ಳಬಹುದು. ಮನೆಯಲ್ಲಿ ಮಾಡಿದ್ದನ್ನು ಕಾವಲು ಕಾಯಲಾಗದು ಎಂಬುದನ್ನು ಅವರು ಒಪ್ಪಿಕೊಂಡರು. ಆ ಒಪ್ಪಿಗೆ ನಮ್ಮ ಕಡೆ ಇನ್ನೂ ಬಂದಿಲ್ಲ.

ನಮ್ಮ ಕಡೆಯ ಬಲವನ್ನು ಮೊದಲು ಹೇಳುವುದು ನ್ಯಾಯ. ಹಾಲ್‌ನಲ್ಲಿ ಕೂರಿಸಿ ಬರೆಸುವ ಪರೀಕ್ಷೆಯನ್ನು ನಾವು ಬಿಟ್ಟಿಲ್ಲ. ಅದು ಬರಿಯ ಬಾಯಿಪಾಠದ ಪರೀಕ್ಷೆ ಎಂದು ಹಳಿದವರಲ್ಲಿ ನಾನೂ ಒಬ್ಬ. ಈಗ ಮಾತನ್ನು ಅರ್ಧ ನುಂಗಬೇಕಾಗಿದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ 2024ರಲ್ಲಿ ವೆಬ್‌ಕಾಸ್ಟಿಂಗ್ ಕಣ್ಗಾವಲು ತಂದಾಗ, ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಕ್ಯಾಮೆರಾ ಹೊಸ ಪೆದ್ದರನ್ನು ಹುಟ್ಟಿಸಲಿಲ್ಲ, ಹಳೆಯ ಲೆಕ್ಕವನ್ನು ಸರಿಪಡಿಸಿತು ಅಷ್ಟೆ.

ಆದರೆ ಕ್ಯಾಮೆರಾದ ಕಣ್ಣು ಹಾಲ್‌ನ ಬಾಗಿಲಿಗೇ ನಿಲ್ಲುತ್ತದೆ. ಆಂತರಿಕ ಅಂಕ, ಅಸೈನ್‌ಮೆಂಟ್, ಪ್ರಾಜೆಕ್ಟ್, ಪ್ರಬಂಧ ಇವೆಲ್ಲ ಅದರಾಚೆ. ಅಲ್ಲಿಗೆ ನಮ್ಮಲ್ಲಿರುವ ಅಸ್ತ್ರವೆಂದರೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಾವಳಿ. ಬರಹದಲ್ಲಿ ಇತರರ ಪಠ್ಯದೊಂದಿಗಿನ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. ಅದನ್ನು ಮೀರಿ ಶೇ. 40ರವರೆಗಿದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, ಶೇ. 60ರವರೆಗಾದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದಕ್ಕೂ ಮೀರಿದರೆ ನೋಂದಣಿಯೇ ರದ್ದು. ಕದ್ದು ಅಂಟಿಸುತ್ತಿದ್ದ ಕಾಲಕ್ಕೆ ಇದು ಹೊಂದುತ್ತಿತ್ತು. ಯಂತ್ರವಾದರೋ ಪ್ರತಿ ಸಲ ಹೊಸ ವಾಕ್ಯ ಹೊಸೆಯುತ್ತದೆ, ಹಾಗಾಗಿ ಅದಕ್ಕೆ ಹೋಲಿಕೆ ಸಿಗುವುದಿಲ್ಲ. ಪೂರ್ತಿ ಯಂತ್ರವೇ ಬರೆದ ವರದಿ ಶೇ. 4ರಲ್ಲಿ ಪಾರಾಗಿ, ಪುಸ್ತಕಗಳನ್ನು ಓದಿ ಪ್ರಾಮಾಣಿಕವಾಗಿ ಬರೆದವನು ಶೇ. 14ರಲ್ಲಿ ಸಿಕ್ಕಿಬೀಳುವುದು ಈಗ ಅಸಂಭವವೇನಲ್ಲ. ಇಷ್ಟಾಗಿಯೂ ನಾವು ಶೇಕಡಾವಾರನ್ನು ಮುದ್ರಿಸಿ, ಸಹಿ ಹಾಕಿಸಿ, ವರದಿಯ ಹಿಂದೆ ಪಿನ್ ಮಾಡುತ್ತಿದ್ದೇವೆ.

ಆಶ್ಚರ್ಯವೆಂದರೆ, ಆಸ್ಟ್ರೇಲಿಯಾದವರು ಸಮಿತಿಗಳನ್ನು ರಚಿಸಿ ಕಂಡುಕೊಂಡ ಎದುರಾಎದುರಿನ ಪರೀಕ್ಷೆ ಘಟ್ಟದ ಮೇಲೂ ಕೆಳಗೂ ಮಳೆಗಾಲದಲ್ಲಿ ನಡೆಯುತ್ತಲೇ ಬಂದಿದೆ. ನಾನು ಪಿಯುಸಿ ಓದುತ್ತಿದ್ದಾಗ ಊರ ದೇವಸ್ಥಾನದ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕುಳಿತು ಮಾತಿನಲ್ಲೇ ಆಡುವ ಯಕ್ಷಗಾನದಲ್ಲಿ, ರಾಮನ ಅರ್ಥ ಹೇಳಲು ಕುಳಿತಿದ್ದೆ. ದೊಡ್ಡ ಅರ್ಥಧಾರಿಯೊಬ್ಬರ ಕ್ಯಾಸೆಟ್ಟನ್ನು ಹದಿನೈದು ದಿನ ಕೇಳಿ, ಉಸಿರೆಳೆಯುವ ಜಾಗವನ್ನೂ ಬಿಡದೆ ಬಾಯಿಪಾಠ ಮಾಡಿದ್ದೆ. ಎದುರಿಗೆ ವಾಲಿಯಾಗಿದ್ದ ಹಿರಿಯರು ಕಾಲು ಗಂಟೆ ನನ್ನ ಪಾಡಿಗೆ ನನ್ನನ್ನು ಬಿಟ್ಟರು. ಆಮೇಲೆ ಕ್ಯಾಸೆಟ್ಟಿನಲ್ಲಿಲ್ಲದ ಒಂದೇ ಪ್ರಶ್ನೆ ಹಾಕಿದರು: ನಾನು ಮೃಗವೆಂದು ಬಾಣ ಬಿಟ್ಟೆ ಎನ್ನುತ್ತೀಯಲ್ಲ, ಹಾಗಾದರೆ ಸುಗ್ರೀವನೊಂದಿಗೆ ಸಖ್ಯ ಮಾಡಿದ್ದು ಯಾವ ಜಾತಿಯ ಪ್ರಾಣಿಯೆಂದು? ನನ್ನ ಗಂಟಲು ಕಟ್ಟಿತು. ಹಂಚಿನ ಮೇಲಿನ ಮಳೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕೊನೆಗೆ ಭಾಗವತರೇ ಮುಂದಿನ ಪದ್ಯ ಎತ್ತಿಕೊಂಡು ನನ್ನನ್ನು ಉಳಿಸಿದರು. ಯಾರೂ ನನ್ನನ್ನು ಕಳ್ಳನೆನ್ನಲಿಲ್ಲ. ಮುಂದಿನ ತಿಂಗಳ ಕೂಟಕ್ಕೆ ಅದೇ ಪಾತ್ರವನ್ನು ಮತ್ತೆ ನನಗೇ ಕೊಟ್ಟರು.

ವೈವಾ ಎಂಬ ಮೌಖಿಕ ಪರೀಕ್ಷೆ ನಮ್ಮಲ್ಲೂ ಇದೆಯಲ್ಲ ಎನ್ನಬಹುದು. ಇದೆ, ಅಕ್ಕನ ಮಗಳ ವೈವಾ ಎರಡು ನಿಮಿಷದ್ದು. ಶೀರ್ಷಿಕೆ ಏನು, ಗೈಡ್ ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿ ಕಳಿಸಿದರಂತೆ. ಗಂಟೆ ಲೆಕ್ಕದಲ್ಲಿ ದುಡಿದು, ಮುಂದಿನ ವರ್ಷ ಕೆಲಸವಿದೆಯೋ ಇಲ್ಲವೋ ತಿಳಿಯದ ಅತಿಥಿ ಉಪನ್ಯಾಸಕರನ್ನು ಇದಕ್ಕಾಗಿ ದೂರಲು ನನಗೆ ಮನಸ್ಸಿಲ್ಲ. ಆದರೆ 60 ಮಕ್ಕಳಿಗೆ ತಲಾ ಎಂಟು ನಿಮಿಷವೆಂದರೆ ಒಟ್ಟು ಎಂಟು ಗಂಟೆ. 64 ಪುಟದ 60 ವರದಿಗಳನ್ನು ಓದದೆಯೇ ಓದಿದಂತೆ ಅಂಕ ಹಾಕುವ ಬದಲು, ವರದಿಯನ್ನು ಹತ್ತು ಪುಟಕ್ಕೆ ಇಳಿಸಿ ಆ ಸಮಯವನ್ನು ಮಾತಿಗೆ ಕೊಡಬಹುದು. ಮುಖ್ಯವಾಗಿ ಆ ಮಾತು ಕನ್ನಡದಲ್ಲಿರಲಿ. ಇಂಗ್ಲಿಷನ್ನು ಯಂತ್ರದಿಂದ ತಿದ್ದಿಸಿಕೊಳ್ಳುವುದನ್ನು ನಾನು ಕಳ್ಳತನವೆಂದು ಭಾವಿಸುವುದಿಲ್ಲ. ಅಂಕೋಲೆಯ ಹುಡುಗನಿಗೂ ಯಲ್ಲಾಪುರದ ಹುಡುಗಿಗೂ ಸಿಕ್ಕಿರದಿದ್ದ ಟ್ಯೂಷನ್ ಅದು. ತಿಳಿವಳಿಕೆ ಯಾರದ್ದೆಂಬುದನ್ನು ಮಾತ್ರ ಅವರ ಬಾಯಲ್ಲೇ, ಅವರ ನುಡಿಯಲ್ಲೇ ಕೇಳಬೇಕು.

ಆ ಸಂಜೆ ಜಗಲಿಯಲ್ಲಿ ನಾನು ವರದಿಯನ್ನು ಮಡಚಿಟ್ಟು, ಬೋರ್ಡೋ ದ್ರಾವಣಕ್ಕೆ ಸುಣ್ಣ ಏಕೆ ಹಾಕುತ್ತಾರೆ ಎಂದು ಕೇಳಿದೆ. ಅವಳು ಅರ್ಧ ಗಂಟೆ ಮಾತನಾಡಿದಳು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಬೇಕು, ಕಬ್ಬಿಣದ ಪಾತ್ರೆ ಮುಟ್ಟಿಸಬಾರದು. ಮೊದಲ ಸಿಂಪಡಣೆ ಮಳೆ ಹಿಡಿಯುವ ಮೊದಲೇ ಆಗಬೇಕು, ಆದರೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಗುವುದು ಎಲ್ಲರ ತೋಟ ಮುಗಿದ ಮೇಲೆ. ಹಿಂದಿನ ವರ್ಷ ಎಂಟು ದಿನ ತಡವಾಗಿ, ಕೆಳಗಿನ ತೋಟದಲ್ಲಿ ಎಷ್ಟು ಅಡಿಕೆ ಉದುರಿತು, ಅಪ್ಪ ಯಾರ ಹತ್ತಿರ ಸಾಲ ಕೇಳಿದ ಎಂಬುದನ್ನೆಲ್ಲ ಹೇಳಿದಳು. ಅದರಲ್ಲಿ ಒಂದು ಸಾಲೂ ಆ 64 ಪುಟಗಳಲ್ಲಿರಲಿಲ್ಲ. ದ್ರಾವಣ ಹದಕ್ಕೆ ಬಂದದ್ದು ಹೇಗೆ ಗೊತ್ತಾಗುತ್ತದೆ ಎಂದು ಕೊನೆಯದಾಗಿ ಕೇಳಿದ್ದಕ್ಕೆ, ಅವಳು ಒಳಗೆ ಹೋಗಿ ಅಡುಗೆಮನೆಯ ಹಳೆಯ ಚಾಕುವನ್ನು ತಂದು ತೋರಿಸಿದಳು. ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಇನ್ನೂ ಬೇಕೆಂದು ಅರ್ಥ. ಚಾಕುವಿನ ತುದಿಯಲ್ಲಿ ಹೋದ ವರ್ಷದ ನೀಲಿ ಕಲೆ ಇನ್ನೂ ಇತ್ತು.