ಚಿಪ್ಪುಹಂದಿ ಕಂಡರೆ ವಿಡಿಯೋ ಹಾಕಬೇಡಿ ಮಾರಾಯ್ರೆ

ದಯವಿಟ್ಟು ಇನ್ನು ಮೇಲೆ ಚಿಪ್ಪುಹಂದಿಯ ವಿಡಿಯೋವನ್ನು ಊರಿನ ಹೆಸರು ಸಮೇತ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. "ನಿನ್ನೆ ರಾತ್ರಿ ನಮ್ಮ ತೋಟದಲ್ಲಿ ಕಂಡಿದ್ದು, ಎಲ್ಲರಿಗೂ ಶೇರ್ ಮಾಡಿ" ಅಂತ ಖುಷಿಗೆ ಹಾಕುತ್ತೀರಿ, ಗೊತ್ತು. ಆದರೆ ಮೂಡಿಗೆರೆಯ ಗ್ರೂಪಿನಿಂದ ಅದು ಸಕಲೇಶಪುರಕ್ಕೆ ಹೋಗಿ, ಅಲ್ಲಿಂದ ಇನ್ನೆಲ್ಲಿಗೋ ಹೋಗಿ, ಕೊನೆಗೆ ಯಾರ ಕೈಗೆ ಸಿಗಬಾರದೋ ಅವರ ಕೈಗೇ, ಅಂದರೆ ಚಿಪ್ಪಿಗಾಗಿ ಇದನ್ನು ಹಿಡಿದು ಮಾರುವವರ ಕೈಗೇ ಸಿಗುತ್ತದೆ. ಅವರಿಗೆ ಬೇಕಾದ್ದು ಜಾಗದ ಹೆಸರು ಮಾತ್ರ. ಆಮೇಲೆ ಒಂದು ಗುದ್ದಲಿ, ಒಂದು ಗೋಣಿಚೀಲ ಇದ್ದರೆ ಮುಗಿಯಿತು.

ಯಾಕಂದ್ರೆ ಇದನ್ನು ಹಿಡಿಯೋದು ಅಷ್ಟು ಸುಲಭ. ಹೆದರಿಕೆಯಾದರೆ ಓಡುವುದಿಲ್ಲ, ಕಚ್ಚುವುದಿಲ್ಲ. ಕಚ್ಚಲು ಬಾಯಲ್ಲಿ ಒಂದು ಹಲ್ಲೂ ಇಲ್ಲ. ಉಂಡೆಯಾಗಿ ಸುತ್ತಿಕೊಂಡು ಬಿದ್ದಿರುತ್ತದೆ. ಚಿರತೆಯ ಹಲ್ಲಿನಿಂದ ಪಾರಾಗಲು ಆ ಉಪಾಯ ಸಾಕು, ಮನುಷ್ಯನಾದರೆ ಸುಮ್ನೆ ಎತ್ತಿಕೊಂಡು ಹೋಗುತ್ತಾನೆ. ಅದು ಸಾಮಾನ್ಯವಾಗಿ ಹಾಕುವುದು ಒಂದೇ ಮರಿ, ಆ ಮರಿ ತಾಯಿಯ ಬಾಲದ ಮೇಲೆ ಕೂತು ತಿರುಗುತ್ತದೆ. ಹಾಗಾಗಿ ಒಂದು ತೋಟದಿಂದ ಒಂದು ಹೋದರೂ ಆ ಜಾಗ ತುಂಬಲು ವರ್ಷಗಟ್ಟಲೆ ಬೇಕು.

"ಆನೆ ಕಾಟಕ್ಕೇ ಸಾಕಾಗಿದೆ, ನಿಮ್ಮದೊಂದು ಬೇರೆ" ಅಂತ ಆಲೂರು, ಸಕಲೇಶಪುರದ ಕಡೆಯವರು ಹೇಳಿದರೆ ನನಗೆ ಕೋಪ ಬರುವುದಿಲ್ಲ. ಕಾಫಿ ಕೊಯ್ಯಲು ಹೋದ ಆಳು ಸಂಜೆ ಮನೆಗೆ ಬರುತ್ತಾನೋ ಇಲ್ಲವೋ ಅನ್ನುವ ಭಯದಲ್ಲಿರುವವರು ಅವರು. ಆದರೆ ಚಿಪ್ಪುಹಂದಿ ನಮ್ಮಿಂದ ಏನನ್ನೂ ಕೇಳುವುದಿಲ್ಲವಲ್ಲ! ಕಾಫಿ ಮುಟ್ಟಲ್ಲ, ಭತ್ತ ತುಳಿಯಲ್ಲ, ಕೋಳಿ ಹಿಡಿಯಲ್ಲ. ರಾತ್ರಿ ಬಂದು ಗೆದ್ದಲು, ಇರುವೆ ತಿಂದು ಹೋಗುತ್ತದೆ. ಗೆದ್ದಲಿಗೆ ನಾವು ದುಡ್ಡು ಕೊಟ್ಟು ಔಷಧಿ ಹೊಡೆಸುತ್ತೇವೆ, ಇದು ಬಿಟ್ಟಿ ಕೆಲಸ ಮಾಡಿಕೊಡುತ್ತದೆ.

ಇನ್ನು ಔಷಧಿಗೆ ಅಂತ ಹುಡುಕುವ ಆ ಚಿಪ್ಪಿನ ಕಥೆ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದರಿಂದಲೇ ಆಗಿದೆ ಅದು, ಕೆರಾಟಿನ್. 2016ರಲ್ಲೇ ಎಂಟೂ ಜಾತಿಯ ಚಿಪ್ಪುಹಂದಿಗಳ ಅಂತಾರಾಷ್ಟ್ರೀಯ ವ್ಯಾಪಾರ ನಿಷೇಧಿಸಲು ದೇಶಗಳು ಒಪ್ಪಿದವು. ಚೀನಾ ಕೂಡ 2020ರಲ್ಲಿ ತನ್ನ ಅಧಿಕೃತ ಔಷಧ ಗ್ರಂಥದ ಕಚ್ಚಾ ಸಾಮಗ್ರಿ ಪಟ್ಟಿಯಿಂದ ಇದರ ಚಿಪ್ಪನ್ನು ತೆಗೆದುಹಾಕಿತು. ಇಲ್ಲಿ ಮಾತ್ರ ಇರುತಲೆ ಹಾವಿಗೆ ಕೋಟಿ ಅನ್ನುವ ಅದೇ ಜನ ಇದಕ್ಕೂ ಲಕ್ಷಗಟ್ಟಲೆ ಅಂತ ಆಸೆ ಹುಟ್ಟಿಸುತ್ತಾ ತಿರುಗುತ್ತಾರೆ. ಕೊನೆಗೆ ಸಿಕ್ಕಿಬೀಳುವವನು ಬೈಕಿನಲ್ಲಿ ಚೀಲ ಇಟ್ಟುಕೊಂಡು ಬಂದ ಬಡಪಾಯಿ. ಆಸೆ ಹುಟ್ಟಿಸಿದವನ ಫೋನ್ ಸ್ವಿಚ್ ಆಫ್. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಇದು, ಶಿಕ್ಷೆ ಮೂರರಿಂದ ಏಳು ವರ್ಷ ಜೈಲು. ಇದನ್ನು ಅವನಿಗೆ ಮೊದಲೇ ಯಾರಾದರೂ ಕೂರಿಸಿ ಹೇಳಿದ್ದರಾ?

ನನ್ನ ತಕರಾರು ಇರುವುದು ಇಲ್ಲೇ. ನಮ್ಮ ವನ್ಯಜೀವಿ ಜಾಗೃತಿ ಎಲ್ಲ ಚಿಕ್ಕಮಗಳೂರು ಪೇಟೆಯಲ್ಲೇ ನಡೆಯುತ್ತದೆ. ಜಾಥಾ, ಟೀಶರ್ಟು, ಹುಲಿ ಚಿತ್ರದ ಬ್ಯಾನರು, ಮಕ್ಕಳಿಗೆ ಪ್ರಬಂಧ ಸ್ಪರ್ಧೆ. ಬೇಡ ಅನ್ನಲ್ಲ. ಆದರೆ ರಾತ್ರಿ ಚಿಪ್ಪುಹಂದಿ ಎದುರಾಗುವುದು ಜಾಥಾಕ್ಕೆ ಬಂದವರಿಗಲ್ಲ, ತೋಟದ ಲೈನ್ ಮನೆಗಳಲ್ಲಿರುವ ಕೂಲಿಯವರಿಗೆ, ನೀರು ಬಿಡಲು ಹೋದವರಿಗೆ. ಈಗ ತೋಟಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯವರು ಎಷ್ಟು ಜನ ಇದ್ದಾರೆ ನೋಡಿ. ಅವರಿಗೆ ನಮ್ಮ ಕನ್ನಡ ಬ್ಯಾನರಿನಿಂದ ಏನು ಪ್ರಯೋಜನ? ಬಟವಾಡೆ ದಿನ, ಅಂದರೆ ಕೂಲಿ ಕೊಡುವ ದಿನ, ಹೇಗೂ ಎಲ್ಲರೂ ಒಂದು ಕಡೆ ಸೇರುತ್ತಾರೆ. ಅವತ್ತು ಹತ್ತು ನಿಮಿಷ ಫೋಟೋ ತೋರಿಸಿ, ಅವರ ಭಾಷೆಯಲ್ಲೇ ಕಾನೂನು ಹೇಳಿ, "ಯಾರಾದರೂ ದುಡ್ಡಿನ ಆಸೆ ತೋರಿಸಿದರೆ ತೋಟದ ಲೆಕ್ಕ ನೋಡುವ ರೈಟರಿಗೆ ತಿಳಿಸಿ" ಅಂದರೆ ಒಂದು ಜಾಥಾಕ್ಕಿಂತ ಜಾಸ್ತಿ ಕೆಲಸ ಆಗುತ್ತದೆ.

ತೋಟದ ಮಾಲೀಕರಿಗೂ ಒಂದು ಮಾತು. ಕಾಡುಹಂದಿಗೆ ಅಂತ ಬೇಲಿ ಸಂದಿಯಲ್ಲಿ ಹಾಕಿದ ಉರುಳಿಗೆ ಯಾರು ಬೀಳಬೇಕು ಅಂತ ಗೊತ್ತಿರುವುದಿಲ್ಲ. ಚಿರತೆಯೂ ಬೀಳುತ್ತದೆ, ಇದೂ ಬೀಳುತ್ತದೆ. ಕರೆಂಟ್ ಬೇಲಿಯದು ಇನ್ನೊಂದು. ದಕ್ಷಿಣ ಆಫ್ರಿಕಾದಲ್ಲಿ ಚಿಪ್ಪುಹಂದಿಗಳು ಬೇಲಿಯ ಕೆಳಗಿನ ತಂತಿ ತಾಗಿ, ಗಾಬರಿಯಲ್ಲಿ ಆ ತಂತಿಗೇ ಸುತ್ತಿಕೊಂಡು, ಮತ್ತೆ ಮತ್ತೆ ಶಾಕ್ ಹೊಡೆದು ಸಾಯುತ್ತವೆ. ಆನೆಗೆ ಅಂತ ಸೋಲಾರ್ ಬೇಲಿ ಹಾಕಿದವರಿಗೆ ನೆಲಕ್ಕೆ ತಾಗುವಷ್ಟು ಕೆಳಗೆ ತಂತಿ ಯಾಕೆ ಬೇಕು, ಹೇಳಿ?

ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯನ್ನು 2002ರ ಸುಪ್ರೀಂ ಕೋರ್ಟ್ ತೀರ್ಪು 2005ರ ಕೊನೆಗೆ ನಿಲ್ಲಿಸಿತು. ಅಲ್ಲಿ ಎದುರಾಳಿ ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ಹೋರಾಡಲು ಒಂದು ಗುರಿ ಇತ್ತು. ಇಲ್ಲಿ ಎದುರಿಗಿರುವುದು ಯಾರದೋ ಒಂದು ಫೋನ್ ನಂಬರ್. ಕೋರ್ಟಿಗೆ ಹೋಗುವುದು ಯಾರ ಮೇಲೆ?

ಕಂಡರೆ ಮುಟ್ಟಬೇಡಿ, ನಾಯಿ ಕಟ್ಟಿಹಾಕಿ, ಟಾರ್ಚ್ ಆಫ್ ಮಾಡಿ, ಅದರ ಪಾಡಿಗೆ ಹೋಗಲಿ. ಗಾಯವಾಗಿದ್ದರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಆಲ್ದೂರು, ಬಾಳೆಹೊನ್ನೂರು ಕಡೆಯ ತೋಟಗಳಿಗೆ ಬಟವಾಡೆ ದಿನ ಹೋಗೋಣ ಅಂತ ನಾವು ಕೆಲವರು ಮಾತಾಡಿಕೊಂಡಿದ್ದೇವೆ. ಹಿಂದಿಯಲ್ಲಿ ಹೇಗೋ ಸುಧಾರಿಸುತ್ತೇವೆ. ಅಸ್ಸಾಮಿ ಬರೆಯಲು ಬರುವವರು ಯಾರಾದರೂ ಇದ್ದರೆ ಇನ್‌ಬಾಕ್ಸಿಗೆ ಬನ್ನಿ, ಕರಪತ್ರ ಇನ್ನೂ ಪ್ರಿಂಟಿಗೆ ಕೊಟ್ಟಿಲ್ಲ.