ಹಾಲಿಗೆ ಫ್ಯಾಟ್ ಟೆಸ್ಟ್, ರಕ್ತಕ್ಕೆ ಬರೀ ನಂಬಿಕೆ

ನಮ್ಮ ಭಾವನಿಗೆ ಎರಡು ವರ್ಷದಿಂದ ಬಲ ಮಂಡಿ ನೋವು. ನೆಲದ ಮೇಲೆ ಕೂತರೆ ಎಬ್ಬಿಸೋಕೆ ಇಬ್ಬರು ಬೇಕು. ಮೆಟ್ಟಿಲು ಕಂಡರೆ ಮುಖ ತಿರುಗಿಸುತ್ತಾರೆ. ಅಂಥವರನ್ನು ಹಾಸನದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಮಂಡಿ ನೋವಿನ ಕ್ಲಿನಿಕ್, ಇರೋದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ.

ಏದುಸಿರು ಬಿಡುತ್ತಾ ಮೇಲೆ ಹೋದರೆ ಅಲ್ಲಿದ್ದ ಹುಡುಗ ಹೇಳಿದ: "ಸಾರ್, ಪಿಆರ್‌ಪಿ ಮಾಡ್ತೀವಿ. ರಕ್ತ ತೆಗೆಯೋ ಮುಂಚೆ ಒಂದು ಹತ್ತು ಸಲ ಮೆಟ್ಟಿಲು ಹತ್ತಿ ಇಳಿದು ಬನ್ನಿ. ಪ್ಲೇಟ್‌ಲೆಟ್ ಜಾಸ್ತಿ ಬರುತ್ತೆ."

ಭಾವ ನನ್ನ ಮುಖ ನೋಡಿದರು. ಮೆಟ್ಟಿಲು ಹತ್ತೋಕೆ ಆಗಲ್ಲ ಅಂತ ಬಂದವರಿಗೆ ಮೆಟ್ಟಿಲು ಹತ್ತಿದರೆ ಔಷಧಿ!

ಹುಡುಗ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಅದೇ ತಮಾಷೆ. ಪಿಆರ್‌ಪಿ ಅಂದರೆ ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಭಾರದ ಕೆಂಪು ಕಣಗಳು ತಳಕ್ಕೆ ಹೋದ ಮೇಲೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸೋ ಪುಟ್ಟ ಕಣ) ಜಾಸ್ತಿ ಇರುವ ಹಳದಿ ನೀರನ್ನು ಎಳೆದು ನೋವಿರುವ ಕಡೆ ಚುಚ್ಚುವುದು. ಹಳೇ ಕಾಲದ ಕ್ರೀಮ್ ಸೆಪರೇಟರಿನ ತಮ್ಮ ಅಂದುಕೊಳ್ಳಿ. ಇನ್ನು ನಮ್ಮ ಪ್ಲೇಟ್‌ಲೆಟ್‌ಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಹೊಟ್ಟೆಯ ಎಡಗಡೆ ಇರೋ ಗುಲ್ಮದಲ್ಲಿ (ಸ್ಪ್ಲೀನ್) ರೆಸ್ಟ್ ತಗೊಳ್ತಾ ಇರುತ್ತವೆ. ಏದುಸಿರು ಬರೋ ಹಾಗೆ ಓಡಿದರೆ, ಸೈಕಲ್ ತುಳಿದರೆ, ಅವು ಎದ್ದು ರಕ್ತಕ್ಕೆ ಬರುತ್ತವೆ. ಆ ಹೊತ್ತಲ್ಲಿ ರಕ್ತ ತೆಗೆದರೆ ಪಿಆರ್‌ಪಿಯಲ್ಲೂ ಪ್ಲೇಟ್‌ಲೆಟ್ ಜಾಸ್ತಿ ಸಿಗುತ್ತೆ ಅಂತ ಸೈಕಲ್ ತುಳಿಸಿ ನೋಡಿದವರೂ ಇದ್ದಾರೆ. ಆದರೆ ಕಸರತ್ತಿಗೆ ಬಿಳಿ ರಕ್ತಕಣಗಳೂ ಏರುತ್ತವೆ, ಮತ್ತು ಮಂಡಿಗೆ ಹಾಕುವ ಪಿಆರ್‌ಪಿಯಲ್ಲಿ ಬಿಳಿ ಕಣ ಕಡಿಮೆ ಇದ್ದರೇ ಒಳ್ಳೇದು ಅನ್ನುವ ಡಾಕ್ಟರುಗಳು ಬೇಕಾದಷ್ಟಿದ್ದಾರೆ. ಅದನ್ನು ಹುಡುಗ ಹೇಳಲಿಲ್ಲ.

ಇನ್ನೊಂದು ಸಂಗತಿ, ಈ ಏರಿಕೆ ಜಾಸ್ತಿ ಹೊತ್ತು ನಿಲ್ಲಲ್ಲ. ನಮ್ಮ ಅಕ್ಕನ ಮಗನಿಗೆ ಕೂದಲು ಉದುರುತ್ತೆ, ಅವನೂ ತಲೆಗೆ ಪಿಆರ್‌ಪಿ ಚುಚ್ಚಿಸಿಕೊಳ್ಳೋನೇ. ಅವನ ಪ್ಲಾನ್ ಕೇಳಿ: ಬೆಳಗ್ಗೆ ಮುಳ್ಳಯ್ಯನಗಿರಿ ಹತ್ತೋದು, 1930 ಮೀಟರ್ ಎತ್ತರದಲ್ಲಿ ಸೆಲ್ಫಿ, ಆಮೇಲೆ ಚಿಕ್ಕಮಗಳೂರಲ್ಲಿ ಮಸಾಲೆ ದೋಸೆ, ಮಧ್ಯಾಹ್ನ ಹಾಸನದಲ್ಲಿ ರಕ್ತ. ಅಯ್ಯೋ ಮಾರಾಯ, ನೀನು ಬೇಲೂರು ದಾಟೋ ಹೊತ್ತಿಗೆ ಅವು ವಾಪಸ್ ಗುಲ್ಮಕ್ಕೆ ಹೋಗಿ ಮಲಗಿರುತ್ತವೆ. ಹಾಸನಾಂಬೆ ಕ್ಯೂನಲ್ಲಿ ಆರು ಗಂಟೆ ನಿಂತರೆ ವ್ಯಾಯಾಮ ಆಗುತ್ತಾ ಅಂತಲೂ ಪಕ್ಕದ ಮನೆಯವರು ಕೇಳಿದರು. ಆಗಲ್ಲ. ಕಾಲು ಊದುತ್ತೆ, ಪುಣ್ಯ ಬರುತ್ತೆ, ಅಷ್ಟೇ.

ಮೊದಲೆಲ್ಲ ಡೆಂಗ್ಯೂ ಬಂದಾಗ ಮಾತ್ರ ನಮ್ಮೂರಿಗೆ ಪ್ಲೇಟ್‌ಲೆಟ್ ನೆನಪಾಗ್ತಿತ್ತು. ಪರಂಗಿ ಎಲೆ ರಸ ಕುಡಿಸಿ, ಎಷ್ಟಕ್ಕೆ ಬಂತು ಅಂತ ಕ್ರಿಕೆಟ್ ಸ್ಕೋರ್ ಥರ ಕೇಳ್ತಿದ್ದರು. ಆಗ ಎಲ್ಲರ ಬಾಯಲ್ಲೂ ನಂಬರ್. ಈಗ ಕೈಯಾರೆ ದುಡ್ಡು ಕೊಟ್ಟು ಪ್ಲೇಟ್‌ಲೆಟ್ ಕೊಳ್ಳುವಾಗ ನಂಬರ್ ಕೇಳೋರೇ ಇಲ್ಲ.

ಕೇಳಿದ್ದು ನಮ್ಮ ಅಕ್ಕ ಒಬ್ಬಳೇ. ಅಕ್ಕ ದಿನಾ ಎರಡು ಹೊತ್ತು ಡೈರಿಗೆ ಹಾಲು ಹಾಕೋಳು. ಅಲ್ಲಿ ಕ್ಯಾನು ಇಟ್ಟ ತಕ್ಷಣ ಸ್ಯಾಂಪಲ್ ತೆಗೀತಾರೆ, ಮೆಷಿನ್ನಿಗೆ ಹಾಕ್ತಾರೆ, ಫ್ಯಾಟ್ ಇಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರೋ ಗಟ್ಟಿ ಅಂಶ) ಇಷ್ಟು ಅಂತ ಚೀಟಿ ಬರುತ್ತೆ. ಎಸ್‌ಎನ್‌ಎಫ್ 8.5ಕ್ಕಿಂತ ಕೆಳಗೆ ಇಳಿದರೆ ಸೆಕ್ರೆಟರಿ ಒಂದು ಥರ ನೋಡ್ತಾನೆ, ರಾತ್ರಿ ನಿದ್ದೆ ಬರಲ್ಲ. ಹಸಿ ಮೇವು ಜಾಸ್ತಿ ಆಯ್ತಾ, ಹಿಂಡಿ ಕಡಿಮೆ ಆಯ್ತಾ, ಬೆಳಗಿನ ಹಾಲಾ ಸಂಜೆ ಹಾಲಾ, ಎಲ್ಲದಕ್ಕೂ ಲೆಕ್ಕ ಇದೆ. ಒಂದು ಲೀಟರಿಗೆ ಮೂವತ್ತು ಚಿಲ್ಲರೆ ರೂಪಾಯಿ ಸಿಗೋ ಹಾಲಿಗೆ ಈ ಮರ್ಯಾದೆ.

ಭಾವನ ರಕ್ತ ತಿರುಗಿ ಮುಗಿದು ಸಿರಿಂಜಿಗೆ ಹಳದಿ ನೀರು ಬಂದಾಗ ಅಕ್ಕ ಕೇಳಿದಳು: "ಫ್ಯಾಟ್ ಎಷ್ಟು ಬಂತಪ್ಪಾ?"

"ಅಮ್ಮ, ಇದು ಹಾಲಲ್ಲ."

"ಗೊತ್ತು ಕಣಪ್ಪ. ಇದರಲ್ಲಿ ನಿಮ್ಮ ಪ್ಲೇಟ್‌ಲೆಟ್ ಎಷ್ಟಿದೆ? ಚೀಟಿ ಕೊಡು."

"ಚೆನ್ನಾಗಿ ಬಂದಿದೆ ಅಮ್ಮ. ಕಲರ್ ನೋಡಿ."

"ಕಲರ್ ನೋಡಿ ಹಾಲು ತಗೊಂಡಿದ್ದರೆ ನಮ್ಮ ಡೈರಿ ಯಾವತ್ತೋ ಮುಚ್ಚಿಹೋಗ್ತಿತ್ತು!"

ಹನ್ನೆರಡು ಸಾವಿರ ರೂಪಾಯಿ. ಎಷ್ಟಿದೆ ಅಂತ ಎಣಿಸಿದವರಿಲ್ಲ. ಆರೋಗ್ಯವಾಗಿರುವ ಜನರಲ್ಲೇ ಒಂದು ಮೈಕ್ರೋಲೀಟರ್ ರಕ್ತಕ್ಕೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಪ್ಲೇಟ್‌ಲೆಟ್ ಇರುತ್ತೆ. ಅಂದರೆ ನನಗೂ ನಿಮಗೂ ಮೂರು ಪಟ್ಟು ವ್ಯತ್ಯಾಸ ಇರಬಹುದು. ಅದರ ಮೇಲೆ ಯಂತ್ರ ಬೇರೆ, ಕಿಟ್ ಬೇರೆ, ತಿರುಗಿಸೋ ಸ್ಪೀಡ್ ಬೇರೆ. ಇಷ್ಟೆಲ್ಲ ಅಳೆಯದೇ ಬಿಟ್ಟು, ಮಂಡಿ ಹೋದವರನ್ನು ಮೆಟ್ಟಿಲು ಹತ್ತಿಸಿ ಇನ್ನೊಂದಿಷ್ಟು ಏರಿಸ್ತೀವಿ ಅನ್ನೋದು, ತೂತು ಕ್ಯಾನಿಗೆ ಹಾಲು ಕರೆಯೋ ಹಸುವಿಗೆ ಹಿಂಡಿ ಜಾಸ್ತಿ ಹಾಕಿದ ಹಾಗೆ.

ಏರಿಸಿದರೆ ಮಂಡಿಗೆ ಲಾಭ ಇದೆಯಾ ಅಂತೀರಾ? ಆಸ್ಟ್ರೇಲಿಯಾದವರು ಮಂಡಿ ಸವೆದ 288 ಜನರ ಮೇಲೆ ಮಾಡಿದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಅರ್ಧ ಜನಕ್ಕೆ ಪಿಆರ್‌ಪಿ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಒಂದು ವರ್ಷ ಆದ ಮೇಲೆ ನೋಡಿದರೆ ಎರಡೂ ಗುಂಪಿಗೆ ನೋವು ಹೆಚ್ಚುಕಡಿಮೆ ಒಂದೇ ಥರ ಇಳಿದಿತ್ತು. ಬೇರೆ ಕೆಲವು ಕಡೆ ಪಿಆರ್‌ಪಿ ಚೆನ್ನಾಗಿ ಕೆಲಸ ಮಾಡಿದ್ದೂ ಉಂಟು. ಎಲ್ಲರೂ ಚುಚ್ಚಿದ್ದು ಒಂದೇ ಸರಕಲ್ಲ, ಹಾಗಾಗಿ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕೂಡಲ್ಲ. ಅದಕ್ಕೇ ಚೀಟಿ ಬೇಕಾಗಿದ್ದು, ಅಲ್ವಾ?

ಹೊರಡುವಾಗ ಹುಡುಗ ಒಂದು ಹಾಳೆ ಸುಮ್ನೆ ಕೈಗೆ ತುರುಕಿದ. ತೊಡೆಯ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ, ಕುರ್ಚಿಯ ಮೇಲೆ ಕೂತೇ ಕಾಲು ನೆಟ್ಟಗೆ ಮಾಡಿ ಇಳಿಸೋದು, ಇಂಥವು. ಮಂಡಿ ನೋವಿಗೆ ಎಲ್ಲ ದೇಶದ ಡಾಕ್ಟರುಗಳೂ ಮೊದಲು ಹೇಳೋದು ಇದನ್ನೇ. ಇದು ಬಿಟ್ಟಿ ಕೊಟ್ಟಿದ್ದರಿಂದ ಭಾವ ಅದರ ಮೇಲೆ ಬೋಂಡಾ ಇಟ್ಟುಕೊಂಡು ತಿಂದರು.

ಮುಂದಿನ ಸೋಮವಾರ ಎರಡನೇ ಇಂಜೆಕ್ಷನ್. ಭಾವ ಈಗಲೇ ಮೆಟ್ಟಿಲ ಭಯಕ್ಕೆ ಬಾಮ್ ಹಚ್ಚಿಕೊಂಡು ಕೂತಿದ್ದಾರೆ. ಅಕ್ಕ ಡೈರಿಯಿಂದ ಸ್ಯಾಂಪಲ್ ಬಾಟಲಿ ಒಂದನ್ನು ತಂದು, ತೊಳೆದು, ಬ್ಯಾಗಿಗೆ ಹಾಕಿಟ್ಟಿದ್ದಾಳೆ.